ಪೋಲೆಂಡ್ ಸೈನಿಕರ ಯುದ್ಧಕಾಲದ ಗುರುತುಪತ್ರ ಮತ್ತು ಸಹಿ: ಕೊಳ್ಳುವ ಮುಂಚೆ ಏನು ಮೊದಲು, ಏನು ಆಮೇಲೆ

ಎರಡನೇ ಮಹಾಯುದ್ಧದ ಪೋಲಿಷ್ ಸೇನೆಯ ಕಾಗದಗಳನ್ನು ಕೊಂಡವರು ಫೋಟೊ ಕಳಿಸಿ ಕೇಳುವುದು ಒಂದೇ ಪ್ರಶ್ನೆ: "ಇದು ಅಸಲಿಯಾ?" ದುಡ್ಡು ಕೊಟ್ಟ ಮೇಲೆ ಈ ಪ್ರಶ್ನೆ ಬರುತ್ತದೆ. ಎಡವುವುದು ಅಲ್ಲೇ. ಜಾಸ್ತಿ ಜನ ಮೊದಲು ಸಹಿ ನೋಡುತ್ತಾರೆ, ಆಮೇಲೆ ಬೆಲೆ, ಆಮೇಲೆ ಕಾಗದ. ಆ ಮನುಷ್ಯ ಯಾರು ಅನ್ನೋದು ಕೊನೆಗೆ. ಈ ಕ್ರಮವನ್ನು ಬದಲಿಸಬೇಕು. ಮೊದಲು ಅದರಲ್ಲಿ ಬರೆದದ್ದರ ಓದು, ಆಮೇಲೆ ಮನುಷ್ಯ, ಆಮೇಲೆ ಕಾಗದ ಮತ್ತು ಮಸಿ, ಆಮೇಲೆ ಸಹಿ. ಬೆಲೆಯ ಮಾತು ಎಲ್ಲಕ್ಕಿಂತ ಕೊನೆಗೆ.

ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಬೇಕು. ಒಡವೆ ಅಂಗಡಿಯವರು ಬಳಸುವಂಥದ್ದೇ ಸಾಕು. 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಬೇಕು. ಅಗ್ಗಕ್ಕೆ ಸಿಗುವ 395ರ ಟಾರ್ಚ್ ಬೇಡ, ಅದರ ನೇರಳೆ ಬೆಳಕೇ ಕಣ್ಣಿಗೆ ಹೊಡೆದು ಕಾಗದದ ಹೊಳಪು ಕಾಣುವುದಿಲ್ಲ. 600 ಡಿಪಿಐ ತೆಗೆಯುವ ಸ್ಕ್ಯಾನರ್, ಮೆತ್ತನೆ ಪೆನ್ಸಿಲ್, ಪಾಲಿಯೆಸ್ಟರ್ ಕವರ್, ಒಂದು ನೋಟ್‌ಬುಕ್. ಯುವಿ ಟಾರ್ಚನ್ನು ಕಣ್ಣಿಗೆ ಹಿಡಿಯಬೇಡಿ.

ಹಂತ 1: ಒಂದೇ ಕವಲು ಆರಿಸಿಕೊಳ್ಳಿ

"ಪೋಲಿಷ್ ಸೇನೆ" ಅಂದರೆ ಒಂದೇ ಸೇನೆ ಅಲ್ಲ. 1939ರ ಸೆಪ್ಟೆಂಬರ್ 1ಕ್ಕೆ ಜರ್ಮನಿ, 17ಕ್ಕೆ ಸೋವಿಯತ್ ಒಕ್ಕೂಟ ದಾಳಿ ಮಾಡಿದ ಮೇಲೆ ಸೈನಿಕರು ದಿಕ್ಕಾಪಾಲಾದರು. ಕೆಲವರು ರೊಮೇನಿಯ, ಹಂಗೇರಿ ದಾಟಿ ಫ್ರಾನ್ಸ್ ಸೇರಿದರು. 1940ರಲ್ಲಿ ಫ್ರಾನ್ಸ್ ಬಿದ್ದ ಮೇಲೆ ಬ್ರಿಟನ್‌ಗೆ ಹೋದರು. ಸೋವಿಯತ್ ಸೆರೆಯಲ್ಲಿದ್ದವರಿಂದ ಜನರಲ್ ಆಂಡರ್ಸ್ 1941ರಲ್ಲಿ ಸೇನೆ ಕಟ್ಟಿದರು. ಅದು 1942ರಲ್ಲಿ ಇರಾನ್‌ಗೆ ಬಂತು. 1943ರಲ್ಲಿ ಎರಡನೇ ಕೋರ್ (ಹಲವು ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಆಯಿತು, 1944ರ ಮೇ ತಿಂಗಳಲ್ಲಿ ಇಟಲಿಯ ಮಾಂಟೆ ಕಸೀನೋದಲ್ಲಿ ಹೋರಾಡಿತು. ಇನ್ನೊಂದು ಕಡೆ ಸೋವಿಯತ್ ಆಶ್ರಯದಲ್ಲಿ ಪೋಲಿಷ್ ಜನರಲ್ ಬರ್ಲಿಂಗ್ ಅವರ ಸೇನೆ. ಪೋಲೆಂಡ್ ಒಳಗೆ ಗುಪ್ತವಾಗಿ ಹೋಂ ಆರ್ಮಿ. ಇವೆಲ್ಲದರ ಜೊತೆಗೆ ಜರ್ಮನ್ ಸೆರೆಶಿಬಿರಗಳಲ್ಲಿದ್ದವರು.

ಪ್ರತಿಯೊಂದಕ್ಕೂ ಕಾಗದ ಬೇರೆ, ಮೊಹರು ಬೇರೆ, ಸಹಿ ಹಾಕುವ ಅಧಿಕಾರಿ ಬೇರೆ. ಎಲ್ಲವನ್ನೂ ಕಲಿಯಲು ಹೊರಟವರು ಯಾವುದನ್ನೂ ಗುರುತಿಸಲಾರದೆ ಉಳಿಯುತ್ತಾರೆ.

ಹೊಸಬರಿಗೆ ನನ್ನ ಸಲಹೆ ಎರಡನೇ ಕೋರ್, ಇಲ್ಲವೇ ಬ್ರಿಟನ್‌ನಲ್ಲಿದ್ದ ಪೋಲಿಷ್ ವಾಯುಪಡೆ. ದಾಖಲೆ ಹೊಂದಿಸಿ ನೋಡಲು ದಾರಿ ಇರುವುದು ಅಲ್ಲಿ. ನಮ್ಮವರಿಗೆ ಎರಡನೇ ಕೋರ್ ಹತ್ತಿರದ್ದೂ ಹೌದು. ಆ ಸೈನಿಕರ ಮನೆಯವರಲ್ಲಿ ಅನೇಕರನ್ನು 1943ರಿಂದ 1948ರವರೆಗೆ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ಬಳಿಯ ವಳಿವಡೆ ಶಿಬಿರದಲ್ಲಿ ಇರಿಸಿದ್ದರು. ಸುಮಾರು 5,000 ಪೋಲಿಷ್ ಜನ ಅಲ್ಲಿ ಬಾಳಿದರು. ಇಟಲಿಯ ರಣರಂಗದಿಂದ ಆ ಶಿಬಿರಕ್ಕೆ ಬಂದ ಫೀಲ್ಡ್ ಪೋಸ್ಟ್ (ಸೇನಾ ಅಂಚೆ) ಕವರು ಕಣ್ಣಿಗೆ ಬಿದ್ದರೆ ಸುಮ್ನೆ ದಾಟಿ ಹೋಗಬೇಡಿ. ಕಳಿಸಿದವನ ಹೆಸರು ಮತ್ತು ಘಟಕ ಎರಡೂ ಅದರ ಮೇಲೆ ಇರಬಹುದು.

ಹಂತ 2: ಯಾವ ಥರದ ಕಾಗದ ಅಂತ ಗುರುತಿಸಿ

ಮಾರುವವರು ಎಲ್ಲವನ್ನೂ "ಮಿಲಿಟರಿ ಐಡಿ" ಅನ್ನುತ್ತಾರೆ. ನೀವು ಹಾಗೆ ಅನ್ನಬೇಡಿ.

ಯುದ್ಧಕ್ಕೆ ಮುಂಚಿನ ಸೇನಾ ಪುಸ್ತಕಕ್ಕೆ ಕ್ಷ್ಯೋಂಝೆಚ್ಕಾ ವೊಯ್ಸ್ಕೋವಾ ಎಂದು ಹೆಸರು. ಲೆಗಿತಿಮಾತ್ಸ್ಯಾ ಅಂದರೆ ಗುರುತುಪತ್ರ. ಆದರೆ ಪದಕ ಕೊಟ್ಟದ್ದಕ್ಕೆ ಸಿಗುವ ಪತ್ರವನ್ನೂ ಹಾಗೇ ಕರೆಯುತ್ತಾರೆ, ಆದ್ದರಿಂದ ಯಾವುದರ ಲೆಗಿತಿಮಾತ್ಸ್ಯಾ ಎಂದು ಕೇಳಲೇಬೇಕು. ಇವಲ್ಲದೆ ಸಂಬಳದ ಪುಸ್ತಕ, ರಜೆ ಚೀಟಿ, ಚಾಲಕನ ಪರವಾನಗಿ, ಬಡ್ತಿಯ ಆದೇಶ ಇವೆ. ಯುದ್ಧ ಮುಗಿದ ಮೇಲೆ 1946ರಿಂದ 1949ರವರೆಗೆ ಇದ್ದ ಪೋಲಿಷ್ ರೀಸೆಟಲ್‌ಮೆಂಟ್ ಕೋರ್‌ನ (ಸೈನಿಕರನ್ನು ಬ್ರಿಟನ್‌ನ ನಾಗರಿಕ ಬದುಕಿಗೆ ಸಜ್ಜು ಮಾಡಿದ ದಳ) ಕಾಗದಗಳು, ಬ್ರಿಟಿಷ್ ಪೊಲೀಸರು ವಿದೇಶಿಯರಿಗೆ ಕೊಟ್ಟ ನೋಂದಣಿ ಪುಸ್ತಕಗಳೂ ಸಿಗುತ್ತವೆ.

ಈ ಕೊನೆಯ ಗುಂಪನ್ನು ಸಂಗ್ರಹಕಾರರು ಕೀಳಾಗಿ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಭಾಷೆ ಇಂಗ್ಲಿಷ್, ಹುಟ್ಟಿದ ದಿನ ಮತ್ತು ಊರು ಬರೆದಿರುತ್ತದೆ. ನಕಲಿ ಮಾಡುವವನಿಗೆ ಅದರಲ್ಲಿ ಲಾಭ ಕಡಿಮೆ. ಕಲಿಯಲು ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಹಂತ 3: ಕೊಳ್ಳುವ ಮುಂಚೆ, ಫೋಟೊದಲ್ಲೇ ಪೂರ್ತಿ ಓದಿ

ಮಾರುವವರಿಂದ ಎಲ್ಲ ಪುಟಗಳ ಫೋಟೊ ಕೇಳಿ, ಖಾಲಿ ಪುಟವೂ ಬೇಕು. ಕೊಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಬಂದ ಮೇಲೆ ಆರು ಸಂಗತಿ ಬರೆದುಕೊಳ್ಳಿ: ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಹುದ್ದೆ, ಘಟಕ, ಕಾಗದ ಕೊಟ್ಟ ದಿನ ಮತ್ತು ಜಾಗ.

ಓದುವಾಗ ಹೊಸಬರು ಮುಗ್ಗರಿಸುವ ಜಾಗಗಳು ಗೊತ್ತಿರುವಂಥವೇ. ಪೋಲಿಷ್ ಕೈಬರಹದಲ್ಲಿ 1ಕ್ಕೆ ಮೇಲೆ ಉದ್ದನೆಯ ಮೂತಿ ಇರುತ್ತದೆ, 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. 1ನ್ನು 7 ಎಂದು ಓದಿಕೊಂಡು, ಸಂಖ್ಯೆ ತಾಳೆಯಾಗಲಿಲ್ಲ ಎಂದು ಒಳ್ಳೆಯ ಕಾಗದವನ್ನೇ ಬಿಟ್ಟವರಿದ್ದಾರೆ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ರೂಢಿ. ದಿನ ಮೊದಲು, ತಿಂಗಳು ನಡುವೆ, ವರ್ಷ ಕೊನೆಗೆ.

ಹೆಸರುಗಳಿಗೆ ವಿಭಕ್ತಿ ಹತ್ತುತ್ತದೆ. ನಮ್ಮಲ್ಲಿ ರಾಮನಿಗೆ, ರಾಮನನ್ನು ಅಂದ ಹಾಗೆ ಅಲ್ಲಿ ಕೊವಾಲ್ಸ್ಕಿ ಎಂಬ ಹೆಸರು ಕೊವಾಲ್ಸ್ಕಿಯೆಗೊ, ಕೊವಾಲ್ಸ್ಕಿಯೆಮು ಆಗುತ್ತದೆ. ಒಂದು ಕಂತೆಯಲ್ಲಿ ಮೂರು ರೂಪ ಕಂಡರೆ ಮೂವರು ಮನುಷ್ಯರು ಅಂದುಕೊಳ್ಳಬೇಡಿ. ಹೆಂಗಸರ ಹೆಸರು ಕೊವಾಲ್ಸ್ಕಾ ಎಂದು ಮುಗಿಯುತ್ತದೆ. ಸಹಾಯಕ ದಳದಲ್ಲಿ ಹೆಂಗಸರೂ ಇದ್ದರು, ಅವರ ಕಾಗದಗಳೂ ಸಿಗುತ್ತವೆ.

ಹುದ್ದೆಗಳನ್ನು ಗುರುತಿಸಲು ಇಷ್ಟು ಸಾಕು: ಕಪ್ರಲ್ ಅಂದರೆ ಕಾರ್ಪೊರಲ್, ಪೊದ್ಪೊರೂಚ್ನಿಕ್ ಸೆಕೆಂಡ್ ಲೆಫ್ಟಿನೆಂಟ್, ಪೊರೂಚ್ನಿಕ್ ಲೆಫ್ಟಿನೆಂಟ್, ಕಪಿತಾನ್ ಕ್ಯಾಪ್ಟನ್, ಮಯೋರ್ ಮೇಜರ್, ಪುವ್ಕೋವ್ನಿಕ್ ಕರ್ನಲ್. ಕಾಗದದ ಮೇಲೆ ಇವು ಪೂರ್ತಿ ಇರುವುದಿಲ್ಲ, ಮೂರ್ನಾಲ್ಕು ಅಕ್ಷರದ ಸಂಕ್ಷೇಪ ಇರುತ್ತದೆ.

ಈಗ ಆರು ಸಂಗತಿಗಳನ್ನು ಒಂದಕ್ಕೊಂದು ತಾಳೆ ಹಾಕಿ. ಎರಡನೇ ಕೋರ್‌ನ ಮೊಹರು ಇದ್ದು ದಿನಾಂಕ 1942ರದ್ದಾದರೆ ತಪ್ಪು, ಆಗ ಆ ಕೋರೇ ಇರಲಿಲ್ಲ. ಮೊದಲನೇ ಆರ್ಮರ್ಡ್ ಡಿವಿಷನ್ ಹುಟ್ಟಿದ್ದು 1942ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ. 1941ರ ಕಾಗದದಲ್ಲಿ ಅದರ ಹೆಸರು ಬರುವಂತಿಲ್ಲ. ಆಂಡರ್ಸ್ ಸೇನೆಯ ಮುಖ್ಯ ಕಚೇರಿ 1941ರಲ್ಲಿ ಬುಝುಲುಕ್‌ನಲ್ಲಿತ್ತು, 1942ರ ಶುರುವಿಗೆ ಯಾಂಗಿ ಯೂಲ್‌ಗೆ ಹೋಯಿತು.

ಮೊಹರಿನ ಹದ್ದನ್ನೂ ನೋಡಿ. ದೇಶ ಬಿಟ್ಟು ಲಂಡನ್‌ನಲ್ಲಿದ್ದ ಪೋಲಿಷ್ ಸರ್ಕಾರದ ಸೇನೆಗಳ ಹದ್ದಿನ ತಲೆ ಮೇಲೆ ಕಿರೀಟ ಇದೆ. 1943ರಿಂದ ಬರ್ಲಿಂಗ್ ಸೇನೆ ಬಳಸಿದ ಹದ್ದಿಗೆ ಕಿರೀಟ ಇಲ್ಲ. ಆಂಡರ್ಸ್ ಸೇನೆಯ ಕಾಗದದ ಮೇಲೆ ಕಿರೀಟವಿಲ್ಲದ ಹದ್ದು ಕಂಡರೆ ಮುಂದೆ ಓದುವುದೇ ಬೇಡ.

ಹುಟ್ಟಿದ ಊರಿನ ಹೆಸರು ಆ ಕಾಲದ ಪೋಲಿಷ್ ರೂಪದಲ್ಲೇ ಇರಬೇಕು. ಎಲ್ವಿವ್ ಅಲ್ಲ, ಲ್ವುವ್. ವಿಲ್ನಿಯಸ್ ಅಲ್ಲ, ವಿಲ್ನೋ. ಇಂದಿನ ನಕಾಶೆ ನೋಡಿಕೊಂಡು ನಕಲಿ ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಹಂತ 4: ಆ ಮನುಷ್ಯ ಇದ್ದನೇ, ನೋಡಿ

ವಾಯುಪಡೆಯವರಾದರೆ ಕೆಲಸ ಸುಲಭ. ಲಿಸ್ತಾ ಕ್ಷಿಸ್ತ್ಕಾ ಎಂಬ ಪಟ್ಟಿ ಅಂತರ್ಜಾಲದಲ್ಲೇ ಇದೆ. ಬ್ರಿಟನ್‌ನಲ್ಲಿ ಸೇವೆ ಮಾಡಿದ ಪೋಲಿಷ್ ವಾಯುಪಡೆಯವರ ಹೆಸರು, ಹುದ್ದೆ, ಸೇವಾಸಂಖ್ಯೆ ಅದರಲ್ಲಿವೆ. ಅಧಿಕಾರಿಗಳ ಸಂಖ್ಯೆಗೆ ಮುಂದೆ ಪಿ ಅಕ್ಷರ ಇರುತ್ತದೆ. ಮೊದಮೊದಲು ಬಂದ ಅಧಿಕಾರಿಗಳಿಗೆ 76ರಿಂದ ಶುರುವಾಗುವ ಐದಂಕಿ ಸಂಖ್ಯೆ ಇತ್ತು. ಉಳಿದವರದು ಆರಂಕಿ. ಹೆಸರು ಸರಿ, ಸಂಖ್ಯೆ ತಪ್ಪು ಅಂದರೆ ಯಾರೋ ಪುಸ್ತಕದಿಂದ ಹೆಸರು ಎತ್ತಿ ಖಾಲಿ ಕಾಗದಕ್ಕೆ ತುಂಬಿರುವ ಸಾಧ್ಯತೆ ಇದೆ.

ಭೂಸೇನೆಯವರಿಗೆ ಇಷ್ಟು ನೇರವಾದ ಪಟ್ಟಿ ಇಲ್ಲ. ಲಂಡನ್‌ನ ಪೋಲಿಷ್ ಇನ್‌ಸ್ಟಿಟ್ಯೂಟ್ ಮತ್ತು ಸಿಕೋರ್ಸ್ಕಿ ಮ್ಯೂಸಿಯಂ, ವಾರ್ಸಾದ ಸೇನಾ ದಾಖಲೆ ಸಂಗ್ರಹಾಲಯ, ಸೆರೆಯಾಳುಗಳಿಗೆ ಜರ್ಮನಿಯ ಆರೊಲ್ಸನ್ ಆರ್ಕೈವ್ಸ್, ಜಿನೀವಾದ ರೆಡ್ ಕ್ರಾಸ್, ಇಲ್ಲೆಲ್ಲ ಹುಡುಕಬಹುದು. ಸತ್ತವರಾದರೆ ಸಮಾಧಿ ಪಟ್ಟಿಗಳಿವೆ. ಬರೆದು ಕೇಳಿದರೆ ಉತ್ತರ ತಡವಾಗಿ ಬರುತ್ತದೆ, ಹರಾಜು ಅಷ್ಟರಲ್ಲಿ ಮುಗಿದೇ ಹೋಗಬಹುದು. ಹೋಗಲಿ ಬಿಡಿ, ಇನ್ನೊಂದು ಬರುತ್ತದೆ.

ಮಾಂಟೆ ಕಸೀನೋ ಶಿಲುಬೆ ಪದಕ ಕಲಿಯಲು ಒಳ್ಳೆಯ ಪಾಠ. ಪ್ರತಿ ಪದಕದ ಹಿಂದೆ ಸಂಖ್ಯೆ ಒತ್ತಿದೆ, ಜೊತೆಗೆ ಕೊಟ್ಟ ಪತ್ರದಲ್ಲಿ ಅದೇ ಸಂಖ್ಯೆ ಇದೆ. ಎರಡೂ ಒಂದೇ ಆಗಿದ್ದರೆ ಅದು ಒಬ್ಬ ಸೈನಿಕನ ಜೋಡಿ. ಪತ್ರ ಇಲ್ಲದ ಪದಕ ಯಾರದೂ ಅಲ್ಲ. ಯಾರದೋ ಪತ್ರ, ಇನ್ಯಾರದೋ ಪದಕ ಜೋಡಿಸಿ ಮಾರುವುದು ಸಾಮಾನ್ಯ. ಹಾಗಾಗಿ ಪದಕದ ಹಿಂಬದಿಯ ಫೋಟೊ ಇಲ್ಲದೆ ಬೆಲೆ ಕೇಳಲೂ ಹೋಗಬೇಡಿ.

ಹೆಸರು ಪಟ್ಟಿಗೆ ತಾಳೆಯಾಗಬೇಕು ಎಂಬ ನಿಯಮ ಹೋಂ ಆರ್ಮಿಗೆ ಮಾತ್ರ ಉಲ್ಟಾ. ಗುಪ್ತ ಸೇನೆಯವರು ಅಡ್ಡಹೆಸರಲ್ಲಿ ಬದುಕಿದರು. ಜರ್ಮನ್ನರು ಕೊಡುತ್ತಿದ್ದ ಗುರುತುಚೀಟಿ ಕೆನ್‌ಕಾರ್ಟೆಯನ್ನೇ ತಮ್ಮ ಗುಪ್ತ ಮುದ್ರಣಾಲಯಗಳಲ್ಲಿ ತಯಾರಿಸಿಕೊಂಡರು. ಅಂಥ ಕಾಗದದಲ್ಲಿ ಹೆಸರು ಸುಳ್ಳು, ಊರು ಸುಳ್ಳು, ಆದರೂ ಕಾಗದ ಯುದ್ಧಕಾಲದ್ದೇ. ಅದನ್ನು ಈಗಿನ ನಕಲಿಯಿಂದ ಬೇರ್ಪಡಿಸಲು ಬಹಳ ಅನುಭವ ಬೇಕು. ಶುರುವಿನ ವರ್ಷಗಳಲ್ಲಿ ಈ ಕವಲಿಗೆ ಕೈ ಹಾಕಬೇಡಿ.

ಹಂತ 5: ಕಾಗದ, ಫೋಟೊ, ಮೊಹರು

ಕಾಗದ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ವಾಪಸ್ ಮಾಡುವ ಗಡುವು ಓಡುತ್ತಿರುತ್ತದೆ.

ಮೊದಲು ಕತ್ತಲೆ ಕೋಣೆ, ಯುವಿ ಟಾರ್ಚ್. ಕಾಗದ ಬಿಳಿಯಾಗಿ ಕಾಣಲಿ ಎಂದು ಬೆರೆಸುವ ಹೊಳಪಿನ ರಾಸಾಯನಿಕಗಳು ರೂಢಿಗೆ ಬಂದದ್ದು 1950ರ ಸುಮಾರಿಗೆ. ಯುದ್ಧಕಾಲದ ಕಾಗದ ಮಂಕಾಗಿ, ಕಂದು ಹಳದಿಯಾಗಿ ಕಾಣಬೇಕು. ನೀಲಿ ಬೆಳ್ಳಗೆ ಫಳಫಳ ಹೊಳೆದರೆ ಅದು ಹೊಸ ಕಾಗದ. ಹೊಳೆಯದಿದ್ದರೆ ಅಸಲಿ ಅಂತ ಮಾತ್ರ ತಿಳಿಯಬೇಡಿ, ಹಳೆ ಖಾಲಿ ಹಾಳೆ ಹುಡುಕಿ ಬಳಸುವವರೂ ಇದ್ದಾರೆ.

ಆಮೇಲೆ ಭೂತಗನ್ನಡಿ. ಅಚ್ಚಾದ ಅಕ್ಷರದಲ್ಲಿ ಬಣ್ಣಬಣ್ಣದ ಚುಕ್ಕೆ ಕಂಡರೆ ಇಂಕ್‌ಜೆಟ್. ಅಕ್ಷರ ಪ್ಲಾಸ್ಟಿಕ್‌ನಂತೆ ಮೇಲೆ ಕೂತು ಹೊಳೆದರೆ ಲೇಸರ್ ಪ್ರಿಂಟ್. ಟೈಪ್ ಮಾಡಿದ ಕಾಗದವಾದರೆ ಪೋಲಿಷ್ ಅಕ್ಷರಗಳ ಗೆರೆ, ಬಾಲಗಳನ್ನು ಹುಡುಕಿ. ಬ್ರಿಟನ್ನಿನಲ್ಲಿ, ಮಧ್ಯಪ್ರಾಚ್ಯದಲ್ಲಿ ಇಂಗ್ಲಿಷ್ ಟೈಪ್‌ರೈಟರ್ ಬಳಸಿದ ಗುಮಾಸ್ತರು ಅವನ್ನು ಪೆನ್ನಿನಿಂದ ಸೇರಿಸುತ್ತಿದ್ದರು. ಅಂಥ ತಿದ್ದುಗೆರೆ ಕಂಡರೆ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ.

ಗುರುತುಪತ್ರದಲ್ಲಿ ಹೆಚ್ಚು ಮೋಸ ನಡೆಯುವುದು ಫೋಟೊ ಸುತ್ತ. ಮೊಹರಿನ ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಒತ್ತುತ್ತಿದ್ದರು. ಆ ವೃತ್ತ ಅಂಚು ದಾಟುವ ಜಾಗಕ್ಕೆ ಕಣ್ಣಿಡಿ. ಎರಡು ಅರ್ಧಗಳು ಕೂದಲೆಳೆ ತಪ್ಪಿದ್ದರೂ ಕಾರಣ ಬೇಕು. ಫೋಟೊ ಉಬ್ಬಿಕೊಂಡು ಸ್ವಲ್ಪ ಸರಿದಿರಬಹುದು. ಆದರೆ ಅಕ್ಷರದ ಎತ್ತರವೇ ಬೇರೆಯಾಗಿದ್ದರೆ ಫೋಟೊ ಬದಲಾಗಿದೆ. ಪಿನ್ನು ಅಥವಾ ಪುಟ್ಟ ಲೋಹದ ಉಂಗುರದಿಂದ (ಐಲೆಟ್) ಸಿಕ್ಕಿಸಿದ್ದರೆ ಹಿಂದಿನ ಪುಟ ತೆರೆಯಿರಿ. ತುಕ್ಕು ಹಿಡಿದ ಪಿನ್ನು ಎದುರಿನ ಕಾಗದದ ಮೇಲೆ ಕಂದು ಕಲೆ ಬಿಟ್ಟಿರಬೇಕು. ಪಿನ್ನಿಗೆ ತುಕ್ಕು ಇದೆ, ಕಾಗದ ಸ್ವಚ್ಛ ಇದೆ ಅಂದರೆ ಪಿನ್ನು ಬೇರೆ ಕಡೆಯಿಂದ ಬಂದದ್ದು. ಎರಡು ಜೊತೆ ತೂತು ಕಂಡರೂ ಅದೇ ಅರ್ಥ. ಆ ಕಾಲದ ಬೆಳ್ಳಿ ಲವಣದ ಫೋಟೊವನ್ನು ಓರೆ ಮಾಡಿ ಬೆಳಕಿಗೆ ಹಿಡಿದರೆ ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ನೀಲಿ ಛಾಯೆ ಕಾಣಬಹುದು. ಭೂತಗನ್ನಡಿಗೆ ಚುಕ್ಕೆ ಕಾಣಬಾರದು.

ಹಂತ 6: ಸಹಿ

ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ. ಹೆಸರಾಂತ ಜನರಲ್‌ಗಳ ಸಹಿಗೆ ಮೊದಲು ದಿನಾಂಕದ ಪರೀಕ್ಷೆ ಮಾಡಿ. ಮಹಾದಂಡನಾಯಕ ಸಿಕೋರ್ಸ್ಕಿ 1943ರ ಜುಲೈ 4ರಂದು ಜಿಬ್ರಾಲ್ಟರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಸೊಸ್ನ್‌ಕೋವ್ಸ್ಕಿ 1944ರ ಸೆಪ್ಟೆಂಬರ್‌ವರೆಗೆ ಮಹಾದಂಡನಾಯಕರು. ಆಂಡರ್ಸ್ ಆ ಹುದ್ದೆಯನ್ನು ಹಂಗಾಮಿಯಾಗಿ ನೋಡಿಕೊಂಡದ್ದು 1945ರ ಫೆಬ್ರವರಿಯಿಂದ ಮೇವರೆಗೆ. ಸಹಿಯ ಕೆಳಗಿನ ಹುದ್ದೆ ಮತ್ತು ದಿನಾಂಕ ಹೊಂದದಿದ್ದರೆ ಗೀಟು ಎಷ್ಟು ಚೆನ್ನಾಗಿದ್ದರೂ ಬೇಡ.

ಎರಡನೆಯದು, ಕೈಯಿಂದ ಹಾಕಿದ್ದೇ ಅಥವಾ ಒತ್ತಿದ್ದೇ? ಸಾವಿರಾರು ಪತ್ರಗಳಿಗೆ ಜನರಲ್ ಕೂತು ಸಹಿ ಹಾಕಲಾರರು, ಅಲ್ವಾ? ಹಾಗಾಗಿ ಪದಕದ ಪತ್ರಗಳಲ್ಲಿ ಅಚ್ಚು ಹಾಕಿದ ಸಹಿ, ರಬ್ಬರ್ ಮೊಹರಿನ ಸಹಿ ಸಿಗುತ್ತವೆ. ಅವು ನಕಲಿ ಅಲ್ಲ, ಆಟೋಗ್ರಾಫ್ ಕೂಡ ಅಲ್ಲ. ಮೊಹರಿನ ಸಹಿಯಲ್ಲಿ ಗೀಟಿನ ಅಂಚಿಗೆ ಮಸಿ ಒತ್ತರಿಸಿಕೊಂಡಿರುತ್ತದೆ, ನಡುವೆ ತೆಳು. ಗೆರೆ ಗೆರೆಯನ್ನು ದಾಟುವಲ್ಲಿ ಕಪ್ಪಾಗುವುದಿಲ್ಲ. ನಿಬ್ಬಿನ ಗೀಟು ಕೆಳಗೆ ಬರುವಾಗ ದಪ್ಪ, ಮೇಲೆ ಹೋಗುವಾಗ ಸಣ್ಣ. ಒತ್ತಿ ಬರೆದಲ್ಲಿ ನಿಬ್ಬಿನ ಎರಡು ತುದಿಗಳ ಜೋಡಿ ಗೀರು ಕಾಣುತ್ತದೆ.

ಮೂರನೆಯದು ಮಡಿಕೆ. ನನಗೆ ತುಂಬ ನಂಬಿಕೆ ಇರುವ ಪರೀಕ್ಷೆ ಇದು. ಸೈನಿಕನ ಜೇಬಿನಲ್ಲಿ ಇದ್ದ ಕಾಗದ ಮಡಿಚಿ ಮಡಿಚಿ ಸವೆದಿರುತ್ತದೆ, ಮಡಿಕೆಯಲ್ಲಿ ನಾರು ಒಡೆದಿರುತ್ತದೆ. ಸಹಿಯ ಗೆರೆ ಆ ಮಡಿಕೆ ದಾಟುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸಹಿ ಮೊದಲು ಬಿದ್ದು ಕಾಗದ ಆಮೇಲೆ ಸವೆದಿದ್ದರೆ ಮಡಿಕೆಯ ತುದಿಯಲ್ಲಿ ಮಸಿ ಉದುರಿ ಬಿಳಿ ನಾರು ಕಾಣುತ್ತದೆ. ಸವೆದ ಕಾಗದಕ್ಕೆ ಈಚೆಗೆ ಸಹಿ ಹಾಕಿದ್ದರೆ ಮಸಿ ಒಡೆದ ನಾರಿನೊಳಗೆ ಇಳಿದು, ಮಡಿಕೆ ಉದ್ದಕ್ಕೂ ಎರಡು ಕಡೆ ಹರಡಿರುತ್ತದೆ. ಈ ಹರಡುವಿಕೆಯನ್ನು ಮುಚ್ಚುವುದು ಬಹಳ ಕಷ್ಟ.

ಬಾಲ್ ಪೆನ್ 1945ರ ಕೊನೆಗೆ ಮುಂಚೆ ಸಾಮಾನ್ಯರ ಕೈಯಲ್ಲಿ ಇರಲಿಲ್ಲ. 1941ರ ದಿನಾಂಕದ ಕೆಳಗೆ ಬಾಲ್ ಪೆನ್ ಸಹಿ ಇದ್ದರೆ ಅಲ್ಲಿಗೇ ಬಿಡಿ. ಆದರೆ ನೇರಳೆ ಕಾಪಿಯಿಂಗ್ ಪೆನ್ಸಿಲ್ ಅನುಮಾನದ ವಸ್ತು ಅಲ್ಲ. ಸೇನೆಗಳಲ್ಲಿ ಅದು ತುಂಬ ಬಳಕೆಯಲ್ಲಿತ್ತು. ನೀರು ತಾಗಿದ ಕಡೆ ಅದು ಗಾಢ ನೇರಳೆಯಾಗಿ ಹರಡುತ್ತದೆ.

ಯುದ್ಧದ ನಂತರದ ಸಹಿಗಳ ಲೆಕ್ಕ ಬೇರೆ ಇಡಿ. ಆಂಡರ್ಸ್ ಲಂಡನ್‌ನಲ್ಲಿ 1970ರವರೆಗೆ ಬದುಕಿದ್ದರು. ಮೊದಲನೇ ಆರ್ಮರ್ಡ್ ಡಿವಿಷನ್‌ನ ಜನರಲ್ ಮಾಚೆಕ್ ಎಡಿನ್‌ಬರೋದಲ್ಲಿ 1994ರವರೆಗೆ, 102 ವರ್ಷ. ವಿಮಾನಯೋಧ ಸ್ಕಾಲ್ಸ್ಕಿ 2004ರವರೆಗೆ. ಪುಸ್ತಕ, ಫೋಟೊಗಳ ಮೇಲೆ ಅವರು ಹಾಕಿದ ಸಹಿ ಅಸಲಿಯೇ, ಆದರೆ ಯುದ್ಧಕಾಲದ್ದಲ್ಲ. ವಯಸ್ಸಾದಂತೆ ಕೈ ಬದಲಾಗುತ್ತದೆ. 1944ರ ಸಹಿಯನ್ನು 1980ರ ಸಹಿಯ ಜೊತೆ ಹೋಲಿಸಬೇಡಿ.

ಹಂತ 7: ಮುಟ್ಟಬಾರದವು

"ಕತೀನ್‌ನಿಂದ ಬಂದದ್ದು" ಎಂದು ಯಾರಾದರೂ ಕಾಗದ ಅಥವಾ ಬಿಲ್ಲೆ ತೋರಿಸಿದರೆ ಮಾತು ಮುಗಿಸಿ. 1940ರಲ್ಲಿ ಸೋವಿಯತ್ ಪೊಲೀಸರು ಕೊಂದ ಸುಮಾರು 22,000 ಪೋಲಿಷ್ ಜನರ ಸಮಾಧಿಯ ವಸ್ತು ಅದು. ಅಸಲಿಯಾದರೆ ಹೆಣದ ಮೇಲಿಂದ ಕದ್ದದ್ದು, ನಕಲಿಯಾದರೆ ಸತ್ತವರ ಹೆಸರಲ್ಲಿ ಮೋಸ. ನೆಲ ಅಗೆದು ತೆಗೆದ ಗುರುತು ಬಿಲ್ಲೆಗಳನ್ನೂ ಕೊಳ್ಳಬೇಡಿ. ಕಾಣೆಯಾದವನನ್ನು ಗುರುತಿಸಲು ಉಳಿದ ಕೊನೆಯ ಕುರುಹು ಅದೇ ಆಗಿರಬಹುದು.

ಸಂಗ್ರಹಾಲಯದ ಮೊಹರು, ಕಡತ ಸಂಖ್ಯೆ, ಪಂಚ್ ಮಾಡಿದ ತೂತಿನ ಸಾಲು ಇದ್ದರೆ ಅದು ಕಡತದಿಂದ ಕದ್ದದ್ದಾ ಎಂದು ಮೊದಲು ವಿಚಾರಿಸಿ.

ಕಂತೆ ಒಡೆಯಬೇಡಿ. ಒಬ್ಬನ ಪುಸ್ತಕ, ಪದಕಪತ್ರ, ಫೋಟೊ, ಕಾಗದಗಳು ಒಟ್ಟಿಗೆ ಇದ್ದಾಗ ಒಂದನ್ನೊಂದು ನಿಜ ಮಾಡುತ್ತವೆ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ದುಡ್ಡು ಬರಬಹುದು, ಆ ಮನುಷ್ಯ ಮಾತ್ರ ಮತ್ತೆ ಸಿಗುವುದಿಲ್ಲ.

ಹಂತ 8: ಹಣ ಮತ್ತು ಕಾನೂನು

ಹಳೆಯ ಹಸ್ತಪ್ರತಿ, ಬೆಲೆಬಾಳುವ ವಸ್ತುಗಳನ್ನು ಪೋಲೆಂಡ್‌ನಿಂದ ಹೊರಗೆ ಕಳಿಸಲು ಅನುಮತಿ ಬೇಕಾಗಬಹುದು. ಇದನ್ನು ಮಾರುವವರಿಂದ ಬರಹದಲ್ಲಿ ಖಚಿತ ಮಾಡಿಕೊಳ್ಳಿ. ಬೆಲೆ ಕಡಿಮೆ ತೋರಿಸಿ "ಗಿಫ್ಟ್" ಎಂದು ಕಳಿಸುತ್ತೇನೆ ಅಂದರೆ ಬೇಡ ಅನ್ನಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ತೊಂದರೆ ನಿಮಗೆ. ಅಸಲಿಯಲ್ಲ ಎಂದು ಹೊರಬಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂಬ ಮಾತೂ ಬರಹದಲ್ಲಿರಲಿ.

ಭಾರತದಲ್ಲಿರುವವರು ಇನ್ನೊಂದನ್ನು ಮರೆಯುತ್ತಾರೆ. ನಮ್ಮ 1972ರ ಪುರಾವಸ್ತು ಕಾಯ್ದೆಯಡಿ 75 ವರ್ಷ ದಾಟಿದ, ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳೂ ಪುರಾವಸ್ತು. ಖಾಸಗಿಯವರು ಪುರಾವಸ್ತುವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ನೀವು ತರಿಸಿದ 1944ರ ಪತ್ರ ಇದರೊಳಗೆ ಬರಬಹುದು. ವಾಪಸ್ ಕಳಿಸುವುದೇ ಕಷ್ಟವಾಗಬಹುದು. ಹಂತ 3 ಮತ್ತು 4ನ್ನು ದುಡ್ಡು ಕೊಡುವ ಮುಂಚೆಯೇ ಮುಗಿಸಿ ಎಂದು ಪಟ್ಟು ಹಿಡಿಯುವುದು ಇದಕ್ಕೇ. ರಸೀದಿ, ಕಸ್ಟಮ್ಸ್ ಚೀಟಿ, ಕವರಿನ ಮೇಲಿನ ವಿಳಾಸಪಟ್ಟಿ ಎಲ್ಲ ಎತ್ತಿಡಿ. ಹೊರಗಿನಿಂದ ಬಂದದ್ದು ಎಂಬುದಕ್ಕೆ ಅವೇ ಸಾಕ್ಷಿ.

ಹಂತ 9: ಮನೆಗೆ ಬಂದ ಮೇಲೆ

ಮೊದಲು ಸ್ಕ್ಯಾನ್, ಎರಡೂ ಬದಿ, ಖಾಲಿ ಪುಟ ಸಮೇತ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಎರಡನ್ನೂ ಆಮೇಲೆ ಬಿಡಿಸಲಾಗದು. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಕವರು ಕೆಲವೇ ವರ್ಷಕ್ಕೆ ಅಂಟಾಗಿ ಮಸಿ, ಫೋಟೊ ಎರಡನ್ನೂ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು, ಆಮ್ಲವಿಲ್ಲದ ಕಾಗದದ ಪೆಟ್ಟಿಗೆ ಬಳಸಿ.

ಮಂಗಳೂರು, ಉಡುಪಿ, ಮಲೆನಾಡಿನವರಿಗೆ ದೊಡ್ಡ ಶತ್ರು ಮಳೆಗಾಲ. ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಒಂದು ಸಣ್ಣ ತೇವಮಾಪಕ ಪಕ್ಕದಲ್ಲಿಡಿ. ತೇವ 50ರ ಆಸುಪಾಸು ನಿಂತರೆ ಸಾಕು, 65 ದಾಟಿದರೆ ಬೂಜು ಬರುತ್ತದೆ. ನುಸಿಗುಳಿಗೆ, ಬೇವಿನ ಸೊಪ್ಪು ಕಾಗದದ ಜೊತೆ ಹಾಕಬೇಡಿ. ಒಂದರ ಆವಿ, ಇನ್ನೊಂದರ ಕಲೆ, ಎರಡೂ ಹಾನಿ. ತಿಂಗಳಿಗೊಮ್ಮೆ ಬೆಳ್ಳಿಹುಳು, ಗೆದ್ದಲು ಇದೆಯಾ ನೋಡಿ.

ನೋಟ್‌ಬುಕ್‌ನಲ್ಲಿ ಪ್ರತಿ ಕಾಗದಕ್ಕೂ ಒಂದು ಪುಟ ಇರಲಿ. ಯಾರಿಂದ ಬಂತು, ಯಾವ ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಯಾವುದು ತಾಳೆಯಾಗಲಿಲ್ಲ, ಎಲ್ಲ ಬರೆಯಿರಿ. ಕಾಗದದ ಮೇಲೆ ಬರೆಯಲೇಬೇಕಾದರೆ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಕ್ರಮಸಂಖ್ಯೆ ಮಾತ್ರ. ಸ್ಕ್ಯಾನ್‌ನ ಒಂದು ಪ್ರತಿಯನ್ನು ಸಿಕೋರ್ಸ್ಕಿ ಮ್ಯೂಸಿಯಂನಂಥ ಸಂಸ್ಥೆಗೆ ಬೇಕೇ ಎಂದು ಬರೆದು ಕೇಳಿ. ಆ ಸೈನಿಕನ ಮೊಮ್ಮಕ್ಕಳು ಎಲ್ಲೋ ಅವನ ಹೆಸರು ಹುಡುಕುತ್ತಿರಬಹುದು. ಅವರು ಕೇಳಿದರೆ ಪ್ರತಿ ಕೊಡಿ, ದುಡ್ಡು ತೆಗೆದುಕೊಳ್ಳಬೇಡಿ.